ಊರನ್ನೂ ಓದಿಸುವ ಪದವಿ

ನಮ್ಮ ಪದವಿ ಕಾಲೇಜುಗಳಲ್ಲಿ ನಡೆಯುವ ಎನ್‌ಎಸ್‌ಎಸ್ ವಾರ್ಷಿಕ ವಿಶೇಷ ಶಿಬಿರದ ದಿನಚರಿ ಎಲ್ಲ ಕಡೆಯೂ ಹೆಚ್ಚುಕಡಿಮೆ ಒಂದೇ. ದತ್ತು ಗ್ರಾಮದ ಸರ್ಕಾರಿ ಶಾಲೆಯಲ್ಲಿ ವಾಸ್ತವ್ಯ, ಬೆಳಿಗ್ಗೆ ಧ್ವಜವಂದನೆ, ಅದಾದ ಮೇಲೆ ಶ್ರಮದಾನ. ಚರಂಡಿಯ ಹೂಳು ತೆಗೆಯುತ್ತಾರೆ, ದೇವಸ್ಥಾನದ ಸುತ್ತಲ ಗಿಡಗಂಟಿ ಸವರುತ್ತಾರೆ, ಶಾಲೆಯ ಕಾಂಪೌಂಡಿಗೆ ಬಣ್ಣ ಬಳಿಯುತ್ತಾರೆ. ಮಧ್ಯಾಹ್ನ ಉಪನ್ಯಾಸ, ಸಂಜೆ ಜಾಥಾ, ರಾತ್ರಿ ಸಾಂಸ್ಕೃತಿಕ ಕಾರ್ಯಕ್ರಮ. ಏಳನೇ ದಿನ ಸಮಾರೋಪ, ಗಣ್ಯರ ಭಾಷಣ, ಪ್ರಮಾಣಪತ್ರ. ಎಂಟನೇ ದಿನ ವಿದ್ಯಾರ್ಥಿಗಳು ತರಗತಿಗೆ ಮರಳುತ್ತಾರೆ. ಅರ್ಥಶಾಸ್ತ್ರದ ಅಧ್ಯಾಪಕರು ಗ್ರಾಮೀಣ ಸಾಲದ ಅಧ್ಯಾಯವನ್ನು ನಿಲ್ಲಿಸಿದ್ದ ಪುಟದಿಂದ ಮುಂದುವರಿಸುತ್ತಾರೆ. ಏಳು ದಿನ ಉಂಡು ಮಲಗಿದ ಊರಿನಲ್ಲಿ ಯಾರು ಯಾರಿಂದ ಯಾವ ಬಡ್ಡಿಗೆ ಸಾಲ ತಂದಿದ್ದಾರೆ ಎಂಬ ಪ್ರಶ್ನೆ ಆ ತರಗತಿಯಲ್ಲಿ ಏಳುವುದಿಲ್ಲ. ಶಿಬಿರದಲ್ಲಿ ಅಧ್ಯಾಯದ ಮಾತು ಬಂದಿರುವುದಿಲ್ಲ, ಅಧ್ಯಾಯದಲ್ಲಿ ಊರಿನ ಮಾತು ಬರುವುದಿಲ್ಲ. ಪದವಿ ಶಿಕ್ಷಣದಲ್ಲಿ ಸೇವೆ ಇರಬೇಕೇ ಬೇಡವೇ ಎಂದು ನಾವು ಆಗಾಗ ಚರ್ಚಿಸುತ್ತೇವೆ. ನಿಜವಾಗಿ ಚರ್ಚೆಯಾಗಬೇಕಾದದ್ದು ಸೇವೆಗೂ ಪಾಠಕ್ಕೂ ನಡುವೆ ಎದ್ದಿರುವ ಈ ಗೋಡೆ. ಸೇವೆಯನ್ನು ಪಠ್ಯದ ಪಕ್ಕದಲ್ಲಿ ಕೂರಿಸಿದರೆ ಊರಿಗೂ ಲಾಭವಿಲ್ಲ, ಓದಿಗೂ ಲಾಭವಿಲ್ಲ. ಅದನ್ನು ವಿಷಯದ ಒಳಗೇ ತಂದು, ಅದೇ ಅಧ್ಯಾಪಕರು ಕಲಿಸಿ, ಅದೇ ಪರೀಕ್ಷೆಯಲ್ಲಿ ಕೇಳಿದರೆ ಎರಡಕ್ಕೂ ಲಾಭ. ಈ ಲೇಖನದ ವಾದ ಇಷ್ಟೇ.

ಈ ಗೋಡೆಯನ್ನು ಯಾರೂ ಬೇಕೆಂದು ಕಟ್ಟಲಿಲ್ಲ ಎಂಬುದನ್ನು ಮೊದಲು ಹೇಳಬೇಕು. ಕೈಕೆಲಸ ಮತ್ತು ಓದು ಬೇರೆಯಲ್ಲ ಎಂಬ ತತ್ವದ ಮೇಲೆ ಗಾಂಧೀಜಿ 1937ರಲ್ಲಿ ವಾರ್ಧಾದಲ್ಲಿ ನಯೀ ತಾಲೀಮನ್ನು ಮುಂದಿಟ್ಟರು. ಸ್ವಾತಂತ್ರ್ಯ ಬಂದ ಮೇಲೆ ರಾಧಾಕೃಷ್ಣನ್ ಆಯೋಗ ವಿದ್ಯಾರ್ಥಿಗಳ ಸಮಾಜಸೇವೆಯ ಮಾತೆತ್ತಿತು. ಪದವಿಗೆ ಸೇರುವ ಮೊದಲು ಒಂಬತ್ತು ತಿಂಗಳಿನಿಂದ ಒಂದು ವರ್ಷದವರೆಗೆ ರಾಷ್ಟ್ರೀಯ ಸೇವೆ ಕಡ್ಡಾಯವಾಗಬೇಕು ಎನ್ನುವಷ್ಟು ದೂರ ಹೋಯಿತು ಸಿ.ಡಿ. ದೇಶಮುಖ್ ಸಮಿತಿ. ಅಷ್ಟು ದೊಡ್ಡ ಖರ್ಚಿಗೆ ದೇಶ ಸಿದ್ಧವಿರಲಿಲ್ಲ. ಕೆ.ಜಿ. ಸೈಯದೈನ್ ಅವರ ವರದಿ ಸ್ವಯಂಪ್ರೇರಿತ ಸೇವೆಯ ಕಡೆಗೆ ವಾಲಿತು. 1964ರಿಂದ 66ರವರೆಗೆ ಕೆಲಸ ಮಾಡಿದ ಕೊಠಾರಿ ಆಯೋಗ, ಶಿಕ್ಷಣದ ಎಲ್ಲ ಹಂತಗಳಲ್ಲೂ ಯಾವುದಾದರೊಂದು ರೂಪದ ಸಮಾಜಸೇವೆ ಇರಲಿ ಎಂದಿತು. ಕೊನೆಗೆ ಗಾಂಧಿ ಜನ್ಮಶತಾಬ್ದಿಯ ವರ್ಷವಾದ 1969ರ ಸೆಪ್ಟೆಂಬರ್ 24ರಂದು, 37 ವಿಶ್ವವಿದ್ಯಾಲಯಗಳ ಸುಮಾರು 40 ಸಾವಿರ ವಿದ್ಯಾರ್ಥಿಗಳೊಂದಿಗೆ ರಾಷ್ಟ್ರೀಯ ಸೇವಾ ಯೋಜನೆ, ಅಂದರೆ ಎನ್‌ಎಸ್‌ಎಸ್, ಶುರುವಾಯಿತು. ಚಾಲನೆ ಕೊಟ್ಟವರು ಆಗಿನ ಕೇಂದ್ರ ಶಿಕ್ಷಣ ಸಚಿವ ವಿ.ಕೆ.ಆರ್.ವಿ. ರಾವ್. ಬಳ್ಳಾರಿಯಿಂದ ಲೋಕಸಭೆಗೆ ಹೋಗಿದ್ದ, ಮುಂದೆ 1972ರಲ್ಲಿ ಬೆಂಗಳೂರಿನಲ್ಲಿ ಐಸೆಕ್ ಸಂಸ್ಥೆ ಕಟ್ಟಿದ ಅರ್ಥಶಾಸ್ತ್ರಜ್ಞ ಅವರು. ಆರಂಭದ ಆ 40 ಸಾವಿರ ಇಂದು ಸುಮಾರು 40 ಲಕ್ಷವಾಗಿದೆ. ಎರಡು ವರ್ಷಕ್ಕೆ 240 ಗಂಟೆ ಸೇವೆ, ಜೊತೆಗೊಂದು ವಿಶೇಷ ಶಿಬಿರ ಎಂಬ ಚೌಕಟ್ಟು ಗಟ್ಟಿಯಾಗಿ ನಿಂತಿದೆ. ಪ್ರವಾಹ ಬಂದಾಗ, ರಕ್ತ ಬೇಕಾದಾಗ, ಕೋವಿಡ್ ಕಾಲದಲ್ಲಿ ಈ ಹುಡುಗ ಹುಡುಗಿಯರು ಮಾಡಿದ ಕೆಲಸ ಸಣ್ಣದಲ್ಲ. ಆದರೆ 240 ಗಂಟೆಯ ಲೆಕ್ಕ ಬರೆಯುವವರು ಕಾರ್ಯಕ್ರಮಾಧಿಕಾರಿ, ಪಾಠದ ಲೆಕ್ಕ ಬರೆಯುವವರು ವಿಭಾಗದ ಮುಖ್ಯಸ್ಥರು. ಇಬ್ಬರ ಪುಸ್ತಕಗಳೂ ಒಂದು ಮೇಜಿಗೆ ಬರಲೇ ಇಲ್ಲ.

ಸೇರಿಸಿದರೆ ನಿಜಕ್ಕೂ ಕಲಿಕೆ ಹೆಚ್ಚುತ್ತದೆಯೇ, ಅಥವಾ ಇದು ಒಳ್ಳೆಯ ಮನಸ್ಸಿನವರ ಹಾರೈಕೆಯೇ ಎಂಬ ಪ್ರಶ್ನೆ ನ್ಯಾಯವಾದದ್ದು. ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಮಾರ್ಕಸ್, ಹೋವರ್ಡ್ ಮತ್ತು ಕಿಂಗ್ ಎಂಬ ಮೂವರು ಮಾಡಿ 1993ರಲ್ಲಿ ಪ್ರಕಟಿಸಿದ ಪ್ರಯೋಗ ಇದಕ್ಕೆ ನೇರ ಉತ್ತರ ಕೊಡುತ್ತದೆ. ರಾಜ್ಯಶಾಸ್ತ್ರದ ಒಂದೇ ಪಠ್ಯ, ಹಲವು ವಿಭಾಗಗಳು. ಎರಡು ವಿಭಾಗಗಳ ವಿದ್ಯಾರ್ಥಿಗಳಿಗೆ ಸೆಮಿಸ್ಟರ್ ಅವಧಿಯಲ್ಲಿ 20 ಗಂಟೆ ಸಮುದಾಯದ ಕೆಲಸ. ಅವರು ಅಲ್ಲಿ ಕಂಡದ್ದನ್ನು ತರಗತಿಯ ಚರ್ಚೆಗೆ ತರಬೇಕು. ಉಳಿದವರಿಗೆ ಮಾಮೂಲಿ ಪಾಠ ಮತ್ತು ಪ್ರಬಂಧ. ಯಾವ ವಿಭಾಗದಲ್ಲಿ ಸೇವೆ ಇರುತ್ತದೆ ಎಂಬುದು ಹೆಸರು ನೋಂದಾಯಿಸುವಾಗ ವಿದ್ಯಾರ್ಥಿಗಳಿಗೆ ಗೊತ್ತಿರಲಿಲ್ಲ. ಹಾಗಾಗಿ ಸೇವಾ ಮನೋಭಾವದವರೇ ಅಲ್ಲಿ ಸೇರಿಕೊಂಡರು ಎನ್ನುವಂತಿಲ್ಲ. ಕೊನೆಯಲ್ಲಿ ಸೇವೆ ಮಾಡಿದ ವಿಭಾಗಗಳ ಅಂಕವೇ ಮೇಲಿತ್ತು. 2011ರಲ್ಲಿ ಸೆಲಿಯೊ, ಡರ್ಲಾಕ್ ಮತ್ತು ಡಿಮ್ನಿಕಿ 62 ಅಧ್ಯಯನಗಳನ್ನು, ಅಂದರೆ 11,837 ವಿದ್ಯಾರ್ಥಿಗಳ ಮಾಹಿತಿಯನ್ನು ಒಟ್ಟಿಗೆ ಇಟ್ಟು ನೋಡಿದಾಗಲೂ ಓದಿನ ಸಾಧನೆಯಲ್ಲಿ ಸ್ಪಷ್ಟ ಏರಿಕೆ ಕಂಡಿತು. ನಮಗೆ ಹೆಚ್ಚು ಬೇಕಾದದ್ದು ಅವರು ಕಂಡ ಇನ್ನೊಂದು ಸಂಗತಿ. ಸೇವೆಯನ್ನು ಪಠ್ಯಕ್ಕೆ ಜೋಡಿಸಿದ, ವಿದ್ಯಾರ್ಥಿಗಳ ಮಾತಿಗೆ ಬೆಲೆ ಕೊಟ್ಟ, ಊರಿನವರನ್ನೂ ಯೋಜನೆಯಲ್ಲಿ ಸೇರಿಸಿಕೊಂಡ, ಮಾಡಿದ್ದರ ಬಗ್ಗೆ ಕೂತು ಯೋಚಿಸಲು ಸಮಯ ಇಟ್ಟ ಕಾರ್ಯಕ್ರಮಗಳಲ್ಲಿ ಫಲ ಹೆಚ್ಚಿತ್ತು. ಗಂಟೆಗಳನ್ನು ತುಂಬಿಸುವುದರಿಂದ ಮಾತ್ರ ಏನೂ ಆಗುವುದಿಲ್ಲ ಎಂದು ಇದರಿಂದ ಧಾರಾಳವಾಗಿ ಹೇಳಬಹುದು.

ಅಮೆರಿಕದ ಮಾತು ಅಲ್ಲಿಗಾಯಿತು, ಇಲ್ಲಿಗೆ ಹೊಂದುತ್ತದೆಯೇ ಎನ್ನುವವರು ನಮ್ಮದೇ ಕೃಷಿ ವಿಶ್ವವಿದ್ಯಾಲಯಗಳ ಕಡೆ ನೋಡಬೇಕು. ಬೆಂಗಳೂರಿನ ಜಿಕೆವಿಕೆ ಇರಲಿ, ಧಾರವಾಡ ಇರಲಿ, ಬಿ.ಎಸ್ಸಿ. ಕೃಷಿಯ ಅಂತಿಮ ವರ್ಷದ ವಿದ್ಯಾರ್ಥಿಗಳು ಗ್ರಾಮೀಣ ಕೃಷಿ ಕಾರ್ಯಾನುಭವಕ್ಕೆಂದು ಹಳ್ಳಿಗೆ ಹೋಗುತ್ತಾರೆ. ಕೃಷಿ ಅನುಸಂಧಾನ ಪರಿಷತ್ತಿನ ಐದನೇ ಡೀನ್‌ಗಳ ಸಮಿತಿ ಇದಕ್ಕೆ ಕೊಟ್ಟ ಚೌಕಟ್ಟಿನಲ್ಲಿ ಇಡೀ ಸೆಮಿಸ್ಟರ್, 20 ವಾರ, 20 ಕ್ರೆಡಿಟ್ ಇದಕ್ಕೇ ಮೀಸಲು. ಅದರಲ್ಲಿ ಎಂಟು ವಾರ ಹಳ್ಳಿಯಲ್ಲಿ ಆತಿಥೇಯ ರೈತನ ಜೊತೆ. ಉಳಿದದ್ದು ಸಂಶೋಧನಾ ಕೇಂದ್ರ, ಸಸ್ಯ ಚಿಕಿತ್ಸಾಲಯ, ಕೃಷಿ ಉದ್ಯಮ, ವರದಿ. ಹಳ್ಳಿಗೆ ಬಂದ ಮೊದಲ ದಿನಗಳಲ್ಲೇ ಅವರು ದೇವಸ್ಥಾನದ ಮುಂದಿನ ಬಯಲಿನಲ್ಲಿ ಬಣ್ಣಬಣ್ಣದ ರಂಗೋಲಿ ಪುಡಿಯಿಂದ ಊರಿನ ನಕ್ಷೆ ಬಿಡಿಸುತ್ತಾರೆ. ಕೆರೆಗೆ ನೀಲಿ, ಹೊಲಕ್ಕೆ ಹಸಿರು, ದಾರಿಗೆ ಬಿಳಿ. ಊರಿನವರು ಸುತ್ತ ನಿಂತು ತಿದ್ದುತ್ತಾರೆ. ಆ ಬೋರ್‌ವೆಲ್ ಬತ್ತಿ ಮೂರು ವರ್ಷ ಆಯಿತು, ಅಲ್ಲಿ ಈಗ ಅಡಿಕೆ ಇದೆ, ರಾಗಿ ಬಿಟ್ಟರು ಎಂದು. ಹುಡುಗರ ಮಣ್ಣುವಿಜ್ಞಾನವೂ ರೈತರ ತಿಳಿವಳಿಕೆಯೂ ಆ ಬಯಲಿನಲ್ಲಿ ಮುಖಾಮುಖಿಯಾಗುತ್ತವೆ. ಆಮೇಲೆ ಋತುಮಾನ ಪಟ್ಟಿ ಬರೆಯುತ್ತಾರೆ, ಮಣ್ಣಿನ ಮಾದರಿ ತೆಗೆದು ತೋರಿಸುತ್ತಾರೆ, ಬೀಜೋಪಚಾರ ಮಾಡಿ ತೋರಿಸುತ್ತಾರೆ. ಈ ಸಹಭಾಗಿತ್ವದ ಸಮೀಕ್ಷೆಯ ವಿಧಾನವನ್ನು 1980ರ ದಶಕದ ಕೊನೆಯಲ್ಲಿ ಹಳ್ಳಿಗಳಲ್ಲಿ ಪ್ರಯೋಗಿಸಿ ಬೆಳೆಸಿದವರಲ್ಲಿ ಬೆಂಗಳೂರಿನ ಮೈರಾಡ ಸಂಸ್ಥೆ ಪ್ರಮುಖವಾದದ್ದು. ಅಂದರೆ ವಿಧಾನವೂ ನಮ್ಮಲ್ಲೇ ಬೆಳೆದದ್ದು. ಈ ಕಾರ್ಯಕ್ರಮದಲ್ಲಿ ಕೊರತೆಗಳಿವೆ, ಕೆಲವು ತಂಡಗಳು ಫೋಟೊ ಮತ್ತು ವರದಿಗಷ್ಟೇ ಹೋಗುತ್ತವೆ. ಆದರೂ ಒಂದು ಮಾತು ಖಚಿತ: ಕೃಷಿ ಪದವೀಧರನಿಗೆ ಹಳ್ಳಿ ಪಠ್ಯದ ಹೊರಗಿನ ವಸ್ತುವಲ್ಲ, ಅದಕ್ಕೆ ಅಂಕ ಇದೆ, ಅಧ್ಯಾಪಕರಿದ್ದಾರೆ, ಸಮಯ ಇದೆ.

ವೈದ್ಯಕೀಯ ಮತ್ತು ಕಾನೂನು ಶಿಕ್ಷಣವೂ ಇದೇ ದಾರಿ ಹಿಡಿದಿವೆ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜು ಮುಗಳೂರಿನ ಆರೋಗ್ಯ ಕೇಂದ್ರದ ಮೂಲಕ ವಿದ್ಯಾರ್ಥಿಗಳಿಗೆ ಹಳ್ಳಿಯ ಆರೋಗ್ಯದ ಪರಿಚಯ ಮಾಡಿಸುತ್ತ ಬಂದಿದೆ. ರಾಷ್ಟ್ರೀಯ ವೈದ್ಯಕೀಯ ಆಯೋಗ ಈಗ ಎಂಬಿಬಿಎಸ್ ಮೊದಲ ವರ್ಷದಿಂದಲೇ ಪ್ರತಿ ವಿದ್ಯಾರ್ಥಿಯೂ ಕೆಲವು ಕುಟುಂಬಗಳನ್ನು ದತ್ತು ಪಡೆದು ಅವುಗಳ ಆರೋಗ್ಯವನ್ನು ಗಮನಿಸುವ ಕುಟುಂಬ ದತ್ತು ಕಾರ್ಯಕ್ರಮವನ್ನು ಪಠ್ಯಕ್ರಮದೊಳಗೇ ಇಟ್ಟಿದೆ. ಭಾರತೀಯ ವಕೀಲರ ಪರಿಷತ್ತಿನ 2008ರ ನಿಯಮಗಳ ಪ್ರಕಾರ ಕಾನೂನು ಕಾಲೇಜುಗಳಲ್ಲಿ ಕಾನೂನು ನೆರವು ಕೇಂದ್ರ ಇರಲೇಬೇಕು. ಹೀಗೆ ಡಾಕ್ಟರು, ವಕೀಲರು, ಕೃಷಿ ಅಧಿಕಾರಿ ಆಗುವವರಿಗೆ ಸಮುದಾಯ ಪಾಠದ ಭಾಗ. ರಾಜ್ಯದ ಪದವಿ ವಿದ್ಯಾರ್ಥಿಗಳಲ್ಲಿ ಬಹುದೊಡ್ಡ ಪಾಲು ಇರುವುದು ಬಿ.ಎ., ಬಿ.ಕಾಂ., ಬಿ.ಎಸ್ಸಿ.ಯಲ್ಲಿ. ಅವರಿಗೆ ಮಾತ್ರ ಅದು ಪ್ರಮಾಣಪತ್ರದ ವಿಷಯ. ಈ ಭೇದಕ್ಕೆ ಸಮರ್ಥನೆಯೇ ಇಲ್ಲ.

ಬಿ.ಕಾಂ. ಅನ್ನೇ ತೆಗೆದುಕೊಳ್ಳೋಣ. ವಾಣಿಜ್ಯಕ್ಕೂ ಸೇವೆಗೂ ಏನು ಸಂಬಂಧ ಎಂದು ಮೊದಲು ಕೇಳುವವರು ವಾಣಿಜ್ಯದ ಅಧ್ಯಾಪಕರೇ. ಪ್ರತಿ ಹಳ್ಳಿಯಲ್ಲೂ ಈಗ ಮಹಿಳಾ ಸ್ವಸಹಾಯ ಸಂಘಗಳಿವೆ. ಈ ಸಂಘಗಳ ಚಳವಳಿ ಬೆಳೆದ ನೆಲಗಳಲ್ಲಿ ಕರ್ನಾಟಕವೂ ಒಂದು, ಮೈರಾಡ ಆ ಕತೆಯಲ್ಲೂ ಇದೆ. ನಬಾರ್ಡ್ 1992ರಲ್ಲಿ ಸಂಘಗಳನ್ನು ಬ್ಯಾಂಕಿಗೆ ಜೋಡಿಸುವ ಯೋಜನೆ ಆರಂಭಿಸಿತು. ಈಗ ರಾಜ್ಯದಲ್ಲಿ ಸಂಜೀವಿನಿ ಹೆಸರಿನಲ್ಲಿ ಆ ಕೆಲಸ ನಡೆಯುತ್ತಿದೆ. ಸಂಘಗಳಿಗೆ ಕಲಿಸುವ ಪಂಚಸೂತ್ರದಲ್ಲಿ ನಿಯಮಿತ ಸಭೆ, ಉಳಿತಾಯ, ಆಂತರಿಕ ಸಾಲ, ಮರುಪಾವತಿ ಆದ ಮೇಲೆ ಐದನೆಯದು ಪುಸ್ತಕ ನಿರ್ವಹಣೆ. ನಡಾವಳಿ ಪುಸ್ತಕ, ನಗದು ಪುಸ್ತಕ, ಸಾಲದ ಲೆಡ್ಜರ್, ಪ್ರತಿ ಸದಸ್ಯೆಯ ಕೈಯಲ್ಲೊಂದು ಪಾಸ್‌ಪುಸ್ತಕ. ಎರಡನೇ ವರ್ಷದ ಬಿ.ಕಾಂ. ವಿದ್ಯಾರ್ಥಿನಿ ಇಂಥ ಒಂದು ಸಂಘದ ಲೆಡ್ಜರ್ ಎದುರು ಕೂತಳೆಂದು ಇಟ್ಟುಕೊಳ್ಳಿ. ನಗದು ಪುಸ್ತಕದಲ್ಲಿ ಬರೆದ ಮರುಪಾವತಿ ಸದಸ್ಯೆಯ ಪಾಸ್‌ಪುಸ್ತಕದಲ್ಲಿ ಕಾಣುವುದಿಲ್ಲ. ಬಡ್ಡಿಯನ್ನು ಅಸಲಿಗೆ ಸೇರಿಸಿ ಬರೆದಿರುವ ಸಾಲುಗಳಿವೆ. ಬ್ಯಾಂಕಿನ ಸ್ಟೇಟ್‌ಮೆಂಟಿಗೂ ಪುಸ್ತಕಕ್ಕೂ ತಾಳೆ ಆಗುವುದಿಲ್ಲ. ಜಮಾ, ಖರ್ಚು, ತಾಳೆಪಟ್ಟಿ ಎಂದು ಅವಳು ಬಾಯಿಪಾಠ ಮಾಡಿದ್ದೆಲ್ಲ ಇಲ್ಲಿ ಒಬ್ಬ ಹೆಂಗಸಿನ ಐದು ಸಾವಿರ ರೂಪಾಯಿಯ ಪ್ರಶ್ನೆಯಾಗುತ್ತದೆ. ತಾಳೆಯಾಗದ ಕಾರಣ ಹುಡುಕುವುದು ಅಕೌಂಟೆನ್ಸಿಯ ಹೃದಯ. ಪಠ್ಯಪುಸ್ತಕದ ಲೆಕ್ಕಗಳು ತಾಳೆಯಾಗುವಂತೆಯೇ ಬರೆದಿರುವುದರಿಂದ ಅಲ್ಲಿ ಆ ಹುಡುಕಾಟ ಕಲಿಯುವುದು ಕಷ್ಟ. ಸಂಘಕ್ಕೂ ಇದರಿಂದ ಪ್ರಯೋಜನವಿದೆ. ಪುಸ್ತಕ ಸರಿಯಿಲ್ಲದ ಸಂಘಕ್ಕೆ ಬ್ಯಾಂಕು ಮುಂದಿನ ಸಾಲ ಕೊಡಲು ಹಿಂದೆಮುಂದೆ ನೋಡುತ್ತದೆ, ಸದಸ್ಯೆಯರ ನಡುವೆ ಜಗಳವಾಗುವುದೂ ಇಲ್ಲೇ.

ರಸಾಯನಶಾಸ್ತ್ರದವರಿಗೆ ಪಾವಗಡ, ಮುಂಡರಗಿಯಂಥ ಕಡೆಗಳ ಬೋರ್‌ವೆಲ್ ಸಾಕು. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂವರೆಗೆ ಸ್ವೀಕಾರಾರ್ಹ, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ನಡೆಯುತ್ತದೆ ಎನ್ನುತ್ತದೆ ಭಾರತೀಯ ಮಾನಕ ಬ್ಯೂರೊ. ಅದನ್ನು ಮೀರಿದ ನೀರನ್ನು ಬಾಲ್ಯದಿಂದ ಕುಡಿದವರ ಹಲ್ಲಿನ ಮೇಲೆ ಕಂದು ಕಲೆ ಬೀಳುತ್ತದೆ. ಇನ್ನೂ ಹೆಚ್ಚಾದರೆ, ವರ್ಷಗಟ್ಟಲೆ ಕುಡಿದರೆ, ಮೂಳೆ ಬಾಗುತ್ತದೆ. ಮಾದರಿಯನ್ನು ಗಾಜಿನ ಬಾಟಲಿಯಲ್ಲಿ ತರಬಾರದು, ಫ್ಲೋರೈಡ್ ಗಾಜಿನೊಡನೆ ವರ್ತಿಸಬಹುದು ಎಂಬುದು ಪುಸ್ತಕದಲ್ಲಿ ಒಂದು ಸಾಲು. ತಪ್ಪು ಬಾಟಲಿಯಲ್ಲಿ ತಂದ ನೀರಿನಿಂದ ಬರುವ ತಪ್ಪು ಅಂಕಿಯನ್ನು ನಂಬಿ ಒಂದು ಕೇರಿಯವರು ಅದೇ ನೀರು ಕುಡಿಯಬಹುದು ಎಂದು ಗೊತ್ತಾದ ಮೇಲೆ ಆ ಸಾಲು ಮರೆಯುವುದಿಲ್ಲ. ಮಳೆಗಾಲಕ್ಕೆ ಮೊದಲೊಮ್ಮೆ, ಆಮೇಲೊಮ್ಮೆ ಅದೇ ಬೋರ್‌ವೆಲ್ಲಿನ ನೀರು ಪರೀಕ್ಷಿಸಿದರೆ ವ್ಯತ್ಯಾಸ ಏಕೆ ಎಂಬ ಪ್ರಶ್ನೆ ಭೂವಿಜ್ಞಾನಕ್ಕೆ ಕರೆದೊಯ್ಯುತ್ತದೆ. ಶುದ್ಧ ನೀರಿನ ಘಟಕಕ್ಕೆ ನಾಣ್ಯ ಹಾಕಿ ಕ್ಯಾನ್ ತುಂಬಿಸಿಕೊಳ್ಳುವವರು ಯಾರು, ಘಟಕ ಕೆಟ್ಟು ನಿಂತ ತಿಂಗಳಲ್ಲಿ ಅವರು ಏನು ಕುಡಿದರು, ಘಟಕ ಹೊರಹಾಕುವ ಉಪ್ಪುನೀರು ಎಲ್ಲಿಗೆ ಹರಿಯುತ್ತದೆ ಎಂಬ ಪ್ರಶ್ನೆಗಳು ರಾಜ್ಯಶಾಸ್ತ್ರದ ಮತ್ತು ಪರಿಸರ ವಿಜ್ಞಾನದ ವಿದ್ಯಾರ್ಥಿಗಳಿಗೆ ಕಾದಿವೆ. ಫಲಿತಾಂಶವನ್ನು ಗ್ರಾಮಸಭೆಯಲ್ಲಿ ಎಲ್ಲರಿಗೂ ತಿಳಿಯುವ ಕನ್ನಡದಲ್ಲಿ ಓದಿ ಹೇಳುವುದು ಇನ್ನೊಂದು ಪರೀಕ್ಷೆ. ವೈವಾಗಿಂತ ಕಠಿಣವಾದದ್ದು.

ಇದಕ್ಕೆ ಎದುರಾಗುವ ಆಕ್ಷೇಪಗಳಲ್ಲಿ ಅತ್ಯಂತ ಗಂಭೀರವಾದದ್ದನ್ನು ಎತ್ತಿದವರು ಸೇವೆಯನ್ನು ಹತ್ತಿರದಿಂದ ಬಲ್ಲವರು. 1968ರಲ್ಲಿ ಮೆಕ್ಸಿಕೊದ ಕ್ವೆರ್ನವಾಕಾದಲ್ಲಿ, ಅಲ್ಲಿನ ಬಡವರಿಗೆ ನೆರವಾಗಲು ಸಿದ್ಧರಾಗಿದ್ದ ಅಮೆರಿಕದ ವಿದ್ಯಾರ್ಥಿಗಳ ಎದುರೇ ಇವಾನ್ ಇಲಿಚ್ ನಿಮ್ಮ ಸದುದ್ದೇಶ ನಮಗೆ ಬೇಡ ಎಂಬರ್ಥದ ಭಾಷಣ ಮಾಡಿದರು. ಭಾಷೆ ಬಾರದ, ಜನರ ಬದುಕು ಗೊತ್ತಿರದ ಹುಡುಗರು ಬಂದು ತಮ್ಮ ಜೀವನಶೈಲಿಯನ್ನು ಹೇರಿ ಹೋಗುತ್ತಾರೆ, ಲಾಭವಾಗುವುದು ಅವರಿಗೇ ಎಂಬುದು ಇಲಿಚ್ ವಾದ. ನಾಲ್ಕು ದಶಕ ಕಳೆದ ಮೇಲೆ, 2009ರಲ್ಲಿ, ರ‍್ಯಾಂಡಿ ಸ್ಟೋಕರ್ ಮತ್ತು ಎಲಿಜಬೆತ್ ಟ್ರಯಾನ್ ಸಂಪಾದಿಸಿದ ಪುಸ್ತಕದಲ್ಲಿ ವಿದ್ಯಾರ್ಥಿಗಳನ್ನು ಸ್ವೀಕರಿಸಿದ ಸಮುದಾಯ ಸಂಸ್ಥೆಗಳೇ ದೂರು ಹೇಳಿದವು. ಸೆಮಿಸ್ಟರ್ ಮುಗಿದ ಕೂಡಲೇ ಹೋಗಿಬಿಡುತ್ತಾರೆ, ಅವರಿಗೆ ಕೆಲಸ ಕಲಿಸುವುದೇ ನಮಗೆ ಹೆಚ್ಚಿನ ಕೆಲಸ ಎಂದು. ನಮ್ಮ ಹಳ್ಳಿಗಳಲ್ಲಿ ಇದು ಇನ್ನೂ ನಿಜ. ಪ್ರಶ್ನಾವಳಿ ಹಿಡಿದು ಬಂದವರಿಗೆಲ್ಲ ಕುಟುಂಬದ ಆದಾಯ ಹೇಳಿ ಹೇಳಿ ಜನ ಬೇಸತ್ತಿದ್ದಾರೆ. ಆ ಉತ್ತರಗಳು ಎಲ್ಲಿಗೆ ಹೋದವೋ ಅವರಿಗೆ ಯಾರೂ ಹೇಳಿಲ್ಲ. ಆಕ್ಷೇಪವನ್ನು ನಾನು ಪೂರ್ತಿ ಒಪ್ಪುತ್ತೇನೆ. ಆದರೆ ಅದು ಬೀಳುವುದು ವರ್ಷಕ್ಕೊಂದು ಊರು ಹುಡುಕಿ ಏಳು ದಿನ ಇದ್ದು ಬರುವ ಈಗಿನ ಪದ್ಧತಿಯ ಮೇಲೆ. ಒಂದು ವಿಭಾಗ ಒಂದೇ ಪಂಚಾಯಿತಿಯ ಜೊತೆ ಐದು, ಹತ್ತು ವರ್ಷ ಇರಲಿ. ವಿದ್ಯಾರ್ಥಿಗಳು ಬದಲಾಗಲಿ, ಅಧ್ಯಾಪಕರೂ ಕಡತವೂ ಬದಲಾಗದಿರಲಿ. ಯಾವ ಪ್ರಶ್ನೆ ಮುಖ್ಯ ಎಂದು ಊರು ಹೇಳಲಿ, ಉತ್ತರ ಮೊದಲು ಊರಿಗೆ ಸಿಗಲಿ.

ಅವಸರಕ್ಕೆ ಬಿದ್ದರೆ ಏನಾಗುತ್ತದೆ ಎಂಬುದಕ್ಕೆ ಜೀವವೈವಿಧ್ಯ ದಾಖಲಾತಿ ಉದಾಹರಣೆ. ಮಾಧವ ಗಾಡ್ಗೀಳ್ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದಾಗ 1990ರ ದಶಕದಲ್ಲಿ ಪಶ್ಚಿಮ ಘಟ್ಟದ ಕಾಲೇಜು ಅಧ್ಯಾಪಕರನ್ನು ಕಟ್ಟಿಕೊಂಡು ಊರಿನ ಗಿಡಮರ, ಪ್ರಾಣಿ, ಅವುಗಳ ಬಳಕೆಯ ತಿಳಿವಳಿಕೆಯನ್ನು ಜನರಿಂದಲೇ ದಾಖಲಿಸುವ ಕೆಲಸಕ್ಕೆ ರೂಪ ಕೊಟ್ಟರು. ಸಸ್ಯಶಾಸ್ತ್ರದ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಪ್ರಾಯೋಗಿಕ ಬೇರೆ ಇಲ್ಲ. 2002ರ ಜೀವವೈವಿಧ್ಯ ಕಾಯ್ದೆಯ ಅಡಿಯಲ್ಲಿ ಆ ದಾಖಲಾತಿ ಪ್ರತಿ ಸ್ಥಳೀಯ ಸಂಸ್ಥೆಯ ಹೊಣೆಯಾಯಿತು. ವರ್ಷಗಳು ಉರುಳಿದರೂ ಕೆಲಸ ಆಗಲಿಲ್ಲ. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2020ರ ಜನವರಿ 31ರ ಗಡುವು ಹಾಕಿ, ತಪ್ಪಿದರೆ ರಾಜ್ಯಗಳಿಗೆ ತಿಂಗಳಿಗೆ 10 ಲಕ್ಷ ರೂಪಾಯಿ ದಂಡ ಎಂದ ಮೇಲೆ ದೇಶದಲ್ಲಿ ದಾಖಲಾತಿಗಳ ಸಂಖ್ಯೆ ಕೆಲವು ಸಾವಿರದಿಂದ ಎರಡೂವರೆ ಲಕ್ಷ ದಾಟಿತು. ಆ ವೇಗದಲ್ಲಿ ತುಂಬಿದ ಪುಸ್ತಕಗಳಲ್ಲಿ ಊರಿನ ಹಿರಿಯರ ತಿಳಿವಳಿಕೆ ಎಷ್ಟು ಬಂದಿರಬಹುದು? ನಮ್ಮ ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ ವಿಭಾಗಗಳು ವರ್ಷಕ್ಕೊಂದು ಅಧ್ಯಾಯದಂತೆ ಈ ದಾಖಲಾತಿಗಳನ್ನು ತಿದ್ದುತ್ತ, ಬೆಳೆಸುತ್ತ ಬಂದಿದ್ದರೆ ಗಡುವಿನ ಭಯವೇ ಇರುತ್ತಿರಲಿಲ್ಲ. ಈಗಲೂ ತಡವಾಗಿಲ್ಲ.

ಎರಡನೆಯ ಆಕ್ಷೇಪ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳ ಒಳಗಿನಿಂದ ಬರುತ್ತದೆ. ನಮ್ಮ ಮಕ್ಕಳೇ ಬಡವರು, ಹಳ್ಳಿಯಿಂದ ಎರಡು ಬಸ್ ಬದಲಿಸಿ ಬರುತ್ತಾರೆ, ರಜೆಯಲ್ಲಿ ಗಾರೆ ಕೆಲಸಕ್ಕೆ, ಗಾರ್ಮೆಂಟ್ಸಿಗೆ ಹೋಗುತ್ತಾರೆ. ಅವರು ಯಾರ ಸೇವೆ ಮಾಡಬೇಕು? ಸೇವೆ ಎಂದರೆ ಉಳ್ಳವರು ಇಲ್ಲದವರಿಗೆ ಮಾಡುವ ಉಪಕಾರ ಎಂದು ಹಿಡಿದರೆ ಈ ಮಾತಿಗೆ ಉತ್ತರವಿಲ್ಲ. ಸಮುದಾಯದ ಕೆಲಸವನ್ನು ಕಲಿಯುವ ವಿಧಾನ ಎಂದು ಹಿಡಿದರೆ ಇದೇ ಮಕ್ಕಳು ಎಲ್ಲರಿಗಿಂತ ಮುಂದೆ ನಿಲ್ಲುತ್ತಾರೆ. ನರೇಗಾ ಜಾಬ್ ಕಾರ್ಡ್ ಅವರ ಮನೆಯ ಪೆಟ್ಟಿಗೆಯಲ್ಲೇ ಇದೆ. ರೇಷನ್ ಅಂಗಡಿಯಲ್ಲಿ ಬೆರಳಚ್ಚು ಸಿಗದೆ ಅಜ್ಜಿ ವಾಪಸು ಬಂದದ್ದನ್ನು ನೋಡಿದ್ದಾರೆ. ನಗರದ ಖಾಸಗಿ ಕಾಲೇಜಿನ ವಿದ್ಯಾರ್ಥಿ ತಿಂಗಳುಗಟ್ಟಲೆ ಹುಡುಕಬೇಕಾದ ಮಾಹಿತಿ ಇವರ ಬಳಿ ಈಗಾಗಲೇ ಇದೆ, ಅದನ್ನು ಜ್ಞಾನ ಎಂದು ಕಾಲೇಜು ಒಪ್ಪಿಲ್ಲ ಅಷ್ಟೇ. ಸ್ವಂತ ಊರಿನ ಪಂಚಾಯಿತಿಯ ಆಯವ್ಯಯವನ್ನು ಸಾರ್ವಜನಿಕ ಹಣಕಾಸಿನ ಪತ್ರಿಕೆಯ ಕೆಲಸವಾಗಿ ಓದಲು ಬಿಡಿ. ಅದಕ್ಕೆ ಕಾಲೇಜಿನ ಸಮಯವನ್ನೇ ಕೊಡಿ, ಬಸ್ ಖರ್ಚು ಕೊಡಿ, ರಾತ್ರಿ ತಂಗಬೇಕೆಂಬ ಷರತ್ತು ತೆಗೆಯಿರಿ. ಶಿಬಿರಕ್ಕೆ ಮನೆಯಲ್ಲಿ ಒಪ್ಪಿಗೆ ಸಿಗದೆ ಹೊರಗುಳಿಯುವ ಹೆಣ್ಣುಮಕ್ಕಳಿಗೂ ಆಗ ದಾರಿ ಸಿಗುತ್ತದೆ.

ಕಡ್ಡಾಯ ಮಾಡಿದರೆ ಸೇವೆಯ ಮನಸ್ಸೇ ಸಾಯುತ್ತದೆ ಎನ್ನುವವರ ಕೈಯಲ್ಲಿ ಪುರಾವೆ ಇದೆ. 1999ರಲ್ಲಿ ಸ್ಟೂಕಸ್, ಸ್ನೈಡರ್ ಮತ್ತು ಕ್ಲೇರಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಬಲವಂತದಿಂದ ಮಾಡಿಸಲಾಗುತ್ತಿದೆ ಎಂದು ಅನ್ನಿಸಿದವರಲ್ಲಿ ಮುಂದೆ ಸ್ವಇಚ್ಛೆಯಿಂದ ಸೇವೆ ಮಾಡುವ ಇರಾದೆ ಕುಗ್ಗಿತು. ಆಯ್ಕೆಗೆ ಅವಕಾಶ ಇದ್ದಲ್ಲಿ ಹಾಗಾಗಲಿಲ್ಲ. ಇದನ್ನು ಗಂಭೀರವಾಗಿ ತೆಗೆದುಕೊಂಡರೆ ದಾರಿ ತಾನಾಗಿ ಕಾಣುತ್ತದೆ. ರಸಾಯನಶಾಸ್ತ್ರದಲ್ಲಿ ಪ್ರಯೋಗಾಲಯ ಕಡ್ಡಾಯ ಎಂದು ಯಾರೂ ದೂರುವುದಿಲ್ಲ, ಅದಿಲ್ಲದೆ ವಿಷಯವೇ ಬರುವುದಿಲ್ಲ ಎಂದು ಎಲ್ಲರಿಗೂ ಗೊತ್ತು. ಸಮುದಾಯದ ಕೆಲಸವೂ ಹಾಗೆ ವಿಷಯದ ಅಂಗವಾಗಿ ಬರಲಿ. ಯಾವ ಊರು, ಯಾವ ಪ್ರಶ್ನೆ, ಯಾರ ಜೊತೆ ಎಂಬ ಆಯ್ಕೆ ವಿದ್ಯಾರ್ಥಿಯದಾಗಲಿ. ಎನ್‌ಎಸ್‌ಎಸ್ ಈಗಿನಂತೆ ಸ್ವಇಚ್ಛೆಯದಾಗಿಯೇ ಮುಂದುವರಿಯಲಿ, ಅದರ ಕೆಲಸ ಬೇರೆ.

ಜಾತಿಯ ಮಾತನ್ನು ಬಿಟ್ಟು ಹಳ್ಳಿಯ ಕೆಲಸದ ಬಗ್ಗೆ ಬರೆಯುವುದು ಅಪ್ರಾಮಾಣಿಕತೆ. ರಂಗೋಲಿ ನಕ್ಷೆ ದೇವಸ್ಥಾನದ ಮುಂದೆ ಶುರುವಾದರೆ ಆ ಬಯಲಿಗೆ ಧೈರ್ಯವಾಗಿ ಬರುವವರು ಯಾರು? ಊರಾಚೆಯ ಕೇರಿಯ ನಲ್ಲಿ ಆ ನಕ್ಷೆಯಲ್ಲಿ ಬರುತ್ತದೆಯೇ? ಆತಿಥೇಯ ರೈತ ಯಾವ ಜಾತಿಯವನು, ಅವನ ಮನೆಯಲ್ಲಿ ತಂಗಿದ ಹುಡುಗರಲ್ಲಿ ಯಾರಿಗೆ ಎಲ್ಲಿ ಊಟ ಬಡಿಸಿದರು? ಸೇವೆಯನ್ನು ಪಾಠದಿಂದ ಬೇರೆ ಇಟ್ಟಾಗ ಈ ಪ್ರಶ್ನೆಗಳನ್ನು ಕೇಳುವವರು ಇರುವುದಿಲ್ಲ, ಸೌಹಾರ್ದದ ಹೆಸರಿನಲ್ಲಿ ಮುಚ್ಚಿಹೋಗುತ್ತವೆ. ಸಮಾಜಶಾಸ್ತ್ರದ ಅಧ್ಯಾಪಕರು ಜೊತೆಗಿದ್ದರೆ ಇವೇ ಪಾಠದ ಕೇಂದ್ರ. ನಕ್ಷೆಯನ್ನು ಕೇರಿಯಲ್ಲೂ ಒಮ್ಮೆ ಬಿಡಿಸಿ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಲು ಹೇಳುವ ಅಧ್ಯಾಪಕರು ಬೇಕು. ಊರು ಎಂಬುದು ಒಂದೇ ಅಲ್ಲ ಎಂದು ಆ ಎರಡು ನಕ್ಷೆಗಳೇ ಕಲಿಸುತ್ತವೆ.

ವಿದ್ಯಾರ್ಥಿಗಳು ಬಿಟ್ಟಿ ದುಡಿಮೆಗೆ ಸಿಗುತ್ತಾರೆಂದು ಸರ್ಕಾರ ಖಾಲಿ ಹುದ್ದೆ ತುಂಬದೆ ಕೂರಬಹುದು ಎಂಬ ಅನುಮಾನವೂ ಸುಳ್ಳಲ್ಲ. ಗೆರೆ ಇಲ್ಲಿ ಸ್ಪಷ್ಟವಾಗಿರಬೇಕು. ನೀರು ಬಿಡುವುದು, ಚರಂಡಿ ತೆಗೆಯುವುದು, ಆಶಾ ಕಾರ್ಯಕರ್ತೆ ಮಾಡಬೇಕಾದ ಮನೆ ಭೇಟಿ ಸಂಬಳ ಪಡೆಯುವವರ ಕೆಲಸ. ವಿದ್ಯಾರ್ಥಿಗಳ ಕೆಲಸ ಅಳೆಯುವುದು, ದಾಖಲಿಸುವುದು, ಲೆಕ್ಕ ಪರಿಶೀಲಿಸುವುದು, ವಿವರಿಸುವುದು. ಅಂಕ ಕೊಡುವಾಗ ಗಂಟೆ ಎಣಿಸಬಾರದು ಎಂಬುದೂ ಇದಕ್ಕೇ. ಮಾದರಿ ಸರಿಯಾಗಿ ತೆಗೆದರೇ, ಎರಡನೇ ಸಲ ಪರೀಕ್ಷಿಸಿದಾಗ ಫಲಿತಾಂಶ ಹೊಂದಿತೇ, ಸಿದ್ಧಾಂತದ ಜೊತೆ ತಾಳೆ ನೋಡಿದರೇ, ತಾಳೆಯಾಗದಿದ್ದರೆ ಕಾರಣ ಹುಡುಕಿದರೇ ಎಂಬುದಕ್ಕೆ ಅಂಕ.

ಉಳಿದದ್ದು ಅಧ್ಯಾಪಕರ ಪ್ರಶ್ನೆ, ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ದೊಡ್ಡ ತೊಡಕು ಇದೇ. ರಾಜ್ಯದ ಸುಮಾರು 430 ಸರ್ಕಾರಿ ಪದವಿ ಕಾಲೇಜುಗಳು ಹಲವು ವರ್ಷಗಳಿಂದ ಹತ್ತು ಸಾವಿರಕ್ಕೂ ಹೆಚ್ಚು ಅತಿಥಿ ಉಪನ್ಯಾಸಕರ ಹೆಗಲ ಮೇಲೆ ನಡೆದಿವೆ. ಮುಂದಿನ ವರ್ಷ ತಾನು ಇದೇ ಕಾಲೇಜಿನಲ್ಲಿ ಇರುತ್ತೇನೋ ಇಲ್ಲವೋ ಗೊತ್ತಿಲ್ಲದವರು ಒಂದು ಪಂಚಾಯಿತಿಯ ಜೊತೆ ಹತ್ತು ವರ್ಷದ ಸಂಬಂಧ ಕಟ್ಟುವುದು ಹೇಗೆ? ಯುಜಿಸಿಯ ಪದವಿ ಚೌಕಟ್ಟಿನಲ್ಲಿ ಸಮುದಾಯದ ಕೆಲಸದ ಒಂದು ಕ್ರೆಡಿಟ್‌ಗೆ ಸೆಮಿಸ್ಟರಿನಲ್ಲಿ 30 ಗಂಟೆ, ತರಗತಿ ಪಾಠದ ಒಂದು ಕ್ರೆಡಿಟ್‌ಗೆ 15 ಗಂಟೆ. ಅಂದರೆ ವಿದ್ಯಾರ್ಥಿಗೆ ದುಪ್ಪಟ್ಟು ಸಮಯ ಕೊಟ್ಟಿದ್ದಾರೆ. ಊರಿಗೆ ಕರೆದೊಯ್ಯುವ ಅಧ್ಯಾಪಕರ ಕಾರ್ಯಭಾರದಲ್ಲೂ ಆ ಗಂಟೆಗಳು ಲೆಕ್ಕಕ್ಕೆ ಬರಬೇಕು. ಬರದಿದ್ದರೆ ಎಷ್ಟೇ ಒಳ್ಳೆಯ ಪಠ್ಯಕ್ರಮವೂ ಒಬ್ಬಿಬ್ಬರು ಉತ್ಸಾಹಿಗಳು ನಿವೃತ್ತರಾಗುವವರೆಗೆ ಮಾತ್ರ ನಡೆಯುತ್ತದೆ.

2021ರಲ್ಲಿ ಬಂದ ನಾಲ್ಕು ವರ್ಷದ ಪದವಿಯನ್ನು ರಾಜ್ಯ 2024ರಲ್ಲಿ ಕೈಬಿಟ್ಟು ಮೂರು ವರ್ಷಕ್ಕೆ ಮರಳಿದೆ. ಪಠ್ಯಗಳನ್ನು ಮತ್ತೆ ಬರೆಯಲಾಗಿದೆ, ಇನ್ನೂ ತಿದ್ದಲಾಗುತ್ತದೆ. ಮೌಲ್ಯ, ಸೇವೆ, ಕೌಶಲ ಎಂಬ ಹೆಸರಿನ ಇನ್ನೊಂದು ಪ್ರತ್ಯೇಕ ಪತ್ರಿಕೆ ಸೇರಿಸುವುದು ಸುಲಭ, ನೆಪಕ್ಕೊಂದು ಪುಸ್ತಕ ಬರುತ್ತದೆ, ಮಕ್ಕಳು ಬಾಯಿಪಾಠ ಮಾಡುತ್ತಾರೆ. ಅದು ಬೇಡ. ವಿಶ್ವವಿದ್ಯಾಲಯಗಳ ಅಧ್ಯಯನ ಮಂಡಳಿಗಳಲ್ಲಿ ಕೂತಿರುವ ಅಧ್ಯಾಪಕರಲ್ಲಿ ಕೇಳಿಕೊಳ್ಳುವುದು ಇಷ್ಟೇ. ನಿಮ್ಮ ವಿಷಯದ ಆರು ಸೆಮಿಸ್ಟರುಗಳಲ್ಲಿ ಒಂದೇ ಒಂದು ಪತ್ರಿಕೆ ಆರಿಸಿ. ಅದರ ಆಂತರಿಕ ಮೌಲ್ಯಮಾಪನವನ್ನು ಕಾಲೇಜಿನ ಸುತ್ತಲ ಒಂದು ಪಂಚಾಯಿತಿಯ ಅಥವಾ ವಾರ್ಡಿನ ನಿಜವಾದ ಪ್ರಶ್ನೆಯ ಮೇಲೆ ನಿಲ್ಲಿಸಿ, ಅಂತಿಮ ಪರೀಕ್ಷೆಯಲ್ಲೂ ಆ ಕೆಲಸದ ಬಗ್ಗೆ ಒಂದು ಪ್ರಶ್ನೆ ಕೇಳಿ, ವರದಿಯ ಒಂದು ಪ್ರತಿ ಪಂಚಾಯಿತಿಗೆ ತಲುಪುವವರೆಗೆ ಅಂಕ ಸೇರಿಸಬೇಡಿ. ಇದಕ್ಕೆ ಹೊಸ ನೀತಿ ಬೇಕಿಲ್ಲ, ಹೊಸ ಆಯೋಗವೂ ಬೇಕಿಲ್ಲ. ಮಂಡಳಿಯ ಮುಂದಿನ ಸಭೆಯಲ್ಲೇ ಇದನ್ನು ತೀರ್ಮಾನಿಸಬಹುದು.